ಹೊಗಳಿಕೆಗೂ ವಿಳಾಸ ಬೇಕು: ಒಂದು ಪುಸ್ತಕ ಮೆಟಾಡೇಟಾ ಸೇವೆಯ ವಿಮರ್ಶೆ

ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಪ್ರಕಾಶನದ್ದೂ ಒಂದು ಪುಟ್ಟ ಮಳಿಗೆ ಇರುತ್ತದೆ. ಪುಸ್ತಕವನ್ನು ಕೈಗೆತ್ತಿಕೊಂಡವರು ಮುಖಪುಟವನ್ನು ಒಂದು ಗಳಿಗೆ ನೋಡಿ, ಮಗುಚಿ ಬೆನ್ನುಡಿ ಓದುತ್ತಾರೆ, ಬೆನ್ನುಡಿಯ ಕೆಳಗೆ ಯಾರ ಹೆಸರಿದೆ ಎಂದು ಹುಡುಕುತ್ತಾರೆ, ಬೆಲೆಯ ಕಡೆ ಕಣ್ಣು ಹೋಗುವುದು ಆಮೇಲೆ. ಹೆಸರು ಪರಿಚಯದ್ದಾದರೆ ಪುಸ್ತಕ ಕೈಯಲ್ಲೇ ಉಳಿಯುತ್ತದೆ; ಇಲ್ಲವಾದರೆ ಒಳಗಿನ ಎರಡು ಪುಟವನ್ನಾದರೂ ಓದಿ ತೀರ್ಮಾನಿಸುತ್ತಾರೆ. ಆನ್‌ಲೈನ್ ಅಂಗಡಿಯಲ್ಲಿ ಪುಸ್ತಕಕ್ಕೆ ಮಗುಚಿ ನೋಡುವ ಬೆನ್ನೇ ಇರುವುದಿಲ್ಲ. ಅಲ್ಲಿ ಓದುಗರ ಕಣ್ಣಿಗೆ ಬೀಳುವುದೆಲ್ಲ ಪ್ರಕಾಶಕರು ಮೊದಲೇ ಕಳಿಸಿಕೊಟ್ಟ ಮಾಹಿತಿ, ಅಂದರೆ ಮೆಟಾಡೇಟಾ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕುಳಿತ ಓದುಗರಿಗೆ ಶಿರಸಿಯ ಪುಸ್ತಕವೊಂದು ಮೊದಲು ತಲುಪುವುದು ಈ ಮಾಹಿತಿಯ ಮೂಲಕವೇ ಆದ್ದರಿಂದ, ಅದನ್ನು ಸಿದ್ಧಪಡಿಸಿಕೊಡುವ ಸೇವೆಯೊಂದನ್ನು ಹದಿನೆಂಟು ತಿಂಗಳು ಬಳಸಿದ ಅನುಭವವನ್ನು ನಮ್ಮಂಥ ಸಣ್ಣ ಪ್ರಕಾಶಕರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಕೊರತೆಗಳನ್ನು ಅವರಿಗೇ ಪತ್ರ ಬರೆದು ತಿಳಿಸಿಯಾಗಿದೆ, ಅವುಗಳಲ್ಲಿ ಹಲವನ್ನು ಅವರು ಸರಿಪಡಿಸಿಯೂ ಇದ್ದಾರೆ. ಇಂಥ ಯಾವುದೇ ಸೇವೆಯನ್ನು ಆರಿಸಿಕೊಳ್ಳುವಾಗ ಏನನ್ನು ಕೇಳಬೇಕು ಎಂಬುದು ತಿಳಿದರೆ ಈ ಬರಹದ ಕೆಲಸ ಆದಂತೆ.

ಸೇವೆಯ ಸ್ವರೂಪ ಸರಳವಾದದ್ದು. ಅವರು ಒಂದು ಎಕ್ಸೆಲ್ ಹಾಳೆ ಕಳಿಸುತ್ತಾರೆ. ಶೀರ್ಷಿಕೆ, ಲೇಖಕರು, ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ಪುಟ, ಬೆಲೆ, ವಿಷಯ, ಪರಿಚಯ, ಲೇಖಕರ ಕಿರುಪರಿಚಯ, ಮೆಚ್ಚುನುಡಿಗಳು ಎಂದು ಮುಂತಾದ ಕಲಮುಗಳನ್ನು ನಾವು ತುಂಬಿ ಕಳಿಸಿದರೆ, ಅವರು ಅದನ್ನು ಓನಿಕ್ಸ್ ಎಂಬ ಮಾದರಿಯ ಕಡತವಾಗಿ ಪರಿವರ್ತಿಸಿ ಅಂಗಡಿಗಳಿಗೂ ವಿತರಕರಿಗೂ ರವಾನಿಸುತ್ತಾರೆ. ಓನಿಕ್ಸ್ ಸ್ವೀಕರಿಸದ ಅಂಗಡಿಗಳಿಗೆ ಅವರವರು ಕೇಳಿದ ರೂಪದಲ್ಲಿ ಹಾಳೆ ಮಾಡಿ ಕೊಡುತ್ತಾರೆ. ನಾವು ಮೊದಲ ಕಂತಿನಲ್ಲಿ ಹನ್ನೆರಡು ಪುಸ್ತಕಗಳನ್ನೂ ಎರಡನೆಯ ಕಂತಿನಲ್ಲಿ ಒಂಬತ್ತನ್ನೂ ಕೊಟ್ಟೆವು.

ಓನಿಕ್ಸ್ ಎಂಬುದು ಈ ಸಂಸ್ಥೆಯ ಸೃಷ್ಟಿಯಲ್ಲ. ಪುಸ್ತಕ ವ್ಯಾಪಾರದಲ್ಲಿ ಮಾಹಿತಿ ವಿನಿಮಯಕ್ಕೆಂದು 2000ದಲ್ಲಿ ಮೊದಲು ಹೊರಬಂದು, ಲಂಡನ್ನಿನ ಎಡಿಟ್ಯೂರ್ ಸಂಸ್ಥೆಯ ನಿರ್ವಹಣೆಯಲ್ಲಿರುವ ಅಂತರರಾಷ್ಟ್ರೀಯ ಮಾದರಿ ಅದು. 2009ರಲ್ಲಿ ಅದರ 3.0 ಆವೃತ್ತಿ, 2023ರಲ್ಲಿ 3.1 ಆವೃತ್ತಿ ಬಂದವು. ಅದರಲ್ಲಿ ಮಾರಾಟಕ್ಕೆ ನೆರವಾಗುವ ಬರಹಗಳಿಗೆಂದೇ ಒಂದು ಪ್ರತ್ಯೇಕ ಭಾಗವಿದೆ. ಪ್ರತಿಯೊಂದು ಬರಹಕ್ಕೂ ಅದು ಯಾವ ಜಾತಿಯದು ಎಂದು ತಿಳಿಸುವ ಎರಡಂಕಿಯ ಸಂಕೇತ ಇರಬೇಕು. ಪುಸ್ತಕದ ವಿವರಣೆಗೆ 03, ವಿಮರ್ಶೆಯಿಂದ ಆಯ್ದ ಮಾತಿಗೆ 06, ಹಿಂದಿನ ಆವೃತ್ತಿಯ ವಿಮರ್ಶೆಯ ಮಾತಿಗೆ 07, ಅದೇ ಲೇಖಕರ ಹಿಂದಿನ ಕೃತಿಯ ವಿಮರ್ಶೆಯ ಮಾತಿಗೆ 08, ಮೆಚ್ಚುನುಡಿಗೆ 09, ಲೇಖಕರ ಪರಿಚಯಕ್ಕೆ 12. ಮಾತಿನ ಜೊತೆಗೆ ಅದನ್ನು ಆಡಿದವರ ಹೆಸರು, ಅದು ಪ್ರಕಟವಾದ ಪತ್ರಿಕೆಯ ಹೆಸರು, ದಿನಾಂಕ ಇವಕ್ಕೂ ಬೇರೆ ಬೇರೆ ಜಾಗಗಳಿವೆ.

ಇಷ್ಟು ಸಂಕೇತಗಳ ಅಗತ್ಯವೇನು ಎಂದು ನಮ್ಮ ಡಿಟಿಪಿ ಮಾಡುವ ಹುಡುಗ ಕೇಳಿದ್ದ. ಅಡಿಕೆ ಬೆಳೆಯುವ ಊರಿನಲ್ಲಿ ಅದನ್ನು ವಿವರಿಸುವುದು ಕಷ್ಟವಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಲ್ಲವೂ ಅಡಿಕೆಯೇ, ಆದರೆ ಟೆಂಡರಿಗೆ ಹೋಗುವಾಗ ಒಂದೇ ಚೀಲದಲ್ಲಿ ತುಂಬಿ ಒಯ್ಯುವವರು ಯಾರೂ ಇಲ್ಲ. ಹಾಗೆ ಒಯ್ದರೆ ಕೊಳ್ಳುವವರು ಚೀಲದೊಳಗೆ ಕೈಹಾಕಿ ನೋಡಿ ಇಡೀ ಚೀಲವನ್ನೇ ಅನುಮಾನಿಸುತ್ತಾರೆ. ಹೊಗಳಿಕೆಯ ಮಾತುಗಳನ್ನೂ ಹೀಗೆಯೇ ಆರಿಸಿ, ಬೇರ್ಪಡಿಸಿ ಕಳಿಸಬೇಕಾಗುತ್ತದೆ. ಈ ಸೇವೆಯ ಮೊದಲ ದೊಡ್ಡ ಕೊರತೆ ಇದ್ದದ್ದೂ ಅಲ್ಲಿಯೇ: ಅವರ ಹಾಳೆಯಲ್ಲಿ ‘ಮೆಚ್ಚುಗೆ ಮತ್ತು ವಿಮರ್ಶೆ’ ಎಂದು ಒಂದೇ ಒಂದು ಕಲಮು ಇತ್ತು, ಅದರಲ್ಲಿ ತುಂಬಿದ್ದೆಲ್ಲವೂ ಕಡತದಲ್ಲಿ 06, ಅಂದರೆ ವಿಮರ್ಶೆ ಎಂದೇ ಹೋಗಿಬಿಟ್ಟಿತು.

ಕನ್ನಡದಲ್ಲಿ ಈ ವ್ಯತ್ಯಾಸ ಅಳಿಸಿಹೋದರೆ ಆಗುವ ಹಾನಿ ದೊಡ್ಡದು, ಏಕೆಂದರೆ ನಮ್ಮಲ್ಲಿ ಪುಸ್ತಕದ ಬಗ್ಗೆ ಒಳ್ಳೆಯ ಮಾತು ಹೇಳುವ ರೂಢಿಗಳೇ ಹಲವು ಬಗೆಯವು. ಮುನ್ನುಡಿ ಬರೆಯುವ ಹಿರಿಯರು ಲೇಖಕರ ಕೋರಿಕೆಯಂತೆ ಹಸ್ತಪ್ರತಿ ಓದಿ ಬರೆಯುತ್ತಾರೆ. ಬೆನ್ನುಡಿಯೂ ಕೋರಿಕೆಯ ಮೇಲೆಯೇ ಬರುತ್ತದೆ. ಅದು ಪುಸ್ತಕವನ್ನು ಪ್ರೀತಿಯಿಂದ ಕೈಹಿಡಿದು ಓದುಗರ ಮುಂದೆ ತಂದು ನಿಲ್ಲಿಸುವ ಮಾತು, ತೂಗಿ ನೋಡಿದ ಮಾತಲ್ಲ. ಬಿಡುಗಡೆಯ ಸಮಾರಂಭದಲ್ಲಿ ಆಡಿದ ಮಾತು ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ವರದಿಯಾಗುತ್ತದೆ. ಪುರವಣಿಗಳ ‘ಸಾದರ ಸ್ವೀಕಾರ’ದಲ್ಲಿ ಎರಡು ಸಾಲು ಬರುತ್ತವೆ. ‘ಪುಸ್ತಕ ಪರಿಚಯ’ ಎಂಬ ಅಂಕಣ ಬೇರೆ, ಕೃತಿಯನ್ನು ನಿಜವಾಗಿ ಪರೀಕ್ಷಿಸುವ ವಿಮರ್ಶೆ ಬೇರೆ. ಇವುಗಳಲ್ಲಿ ಕೊನೆಯದನ್ನು ಮಾತ್ರ 06 ಎಂದು ಕರೆಯಲು ನನ್ನ ಮನಸ್ಸು ಒಪ್ಪುತ್ತದೆ. ಪರಿಚಯದ ಅಂಕಣ ಬರೆದವರು ಪುಸ್ತಕವನ್ನು ಓದಿ ತಮ್ಮದೇ ಅಭಿಪ್ರಾಯ ಹೇಳಿದ್ದರೆ ಅದನ್ನೂ ಸೇರಿಸಬಹುದು. ಮುನ್ನುಡಿ, ಬೆನ್ನುಡಿಗಳ ಮಾತು 09ಕ್ಕೆ ಸೇರಬೇಕು. ‘ಸಾದರ ಸ್ವೀಕಾರ’ದ ಸಾಲುಗಳಂತೂ ಯಾವುದಕ್ಕೂ ಸೇರಬಾರದು, ಏಕೆಂದರೆ ಬಹಳ ಸಲ ಅವು ನಮ್ಮದೇ ಬೆನ್ನುಡಿಯಿಂದ ಎತ್ತಿಕೊಂಡ ಸಾಲುಗಳಾಗಿರುತ್ತವೆ. ನಾವೇ ಬರೆಸಿದ ಮಾತು ಪತ್ರಿಕೆಯ ಹೆಸರು ಹೊತ್ತು ವಿಮರ್ಶೆಯಾಗಿ ನಮ್ಮಲ್ಲಿಗೇ ಹಿಂತಿರುಗುವುದನ್ನು ಮೊದಲ ಕಂತಿನ ಎರಡು ಪುಸ್ತಕಗಳ ಪುಟದಲ್ಲಿ ನೋಡಿದಾಗ ನನಗೆ ನಿಜವಾಗಿ ಸಂಕಟವಾಯಿತು. ಹಾಳೆ ತುಂಬಿದ್ದು ನಮ್ಮ ಕಚೇರಿಯೇ ಆದ್ದರಿಂದ ಅದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಇಲ್ಲಿ ಹೇಳಬೇಕು.

ಆವೃತ್ತಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅಘನಾಶಿನಿ ನದಿಯ ಅಳಿವೆಯ ಬದುಕನ್ನು ಕುರಿತ ನಮ್ಮ ಒಂದು ಪುಸ್ತಕ, ಕಗ್ಗ ಭತ್ತ ಬೆಳೆಯುವವರ ಮತ್ತು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರ ಮಾತುಗಳಿಂದಲೇ ಕಟ್ಟಿದ್ದು, ಎರಡು ಹೊಸ ಅಧ್ಯಾಯಗಳೊಂದಿಗೆ ಪರಿಷ್ಕೃತ ಆವೃತ್ತಿಯಾಗಿ ಬಂತು. ಬರಿಯ ಮರುಮುದ್ರಣವಾದರೆ ಹಳೆಯ ಐಎಸ್‌ಬಿಎನ್ ಸಾಕು. ಪರಿಷ್ಕೃತ ಆವೃತ್ತಿಗೆ ಹೊಸದು ಬೇಕು. ನಮ್ಮ ದೇಶದಲ್ಲಿ ರಾಜಾರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಶುಲ್ಕವಿಲ್ಲದೆ ಕೊಡುತ್ತದೆಯಾದ್ದರಿಂದ ಖರ್ಚಿನ ಪ್ರಶ್ನೆಯಿಲ್ಲ. ಆದರೆ ಹೊಸ ಸಂಖ್ಯೆ ಬಂದೊಡನೆ ಅಂಗಡಿಯ ಲೆಕ್ಕದಲ್ಲಿ ಅದು ಹೊಸ ಪುಸ್ತಕ. ಹಳೆಯದಕ್ಕೆ ಬಂದಿದ್ದ ಒಳ್ಳೆಯ ವಿಮರ್ಶೆಗಳೆಲ್ಲ ಹಳೆಯ ಸಂಖ್ಯೆಯ ಜೊತೆಯಲ್ಲೇ ಉಳಿದುಹೋಗುತ್ತವೆ. 07 ಎಂಬ ಸಂಕೇತ ಇರುವುದೇ ಈ ನಷ್ಟವನ್ನು ತುಂಬಿಕೊಳ್ಳುವುದಕ್ಕೆ: ‘ಈ ಮಾತು ಹಿಂದಿನ ಆವೃತ್ತಿಯನ್ನು ಕುರಿತದ್ದು’ ಎಂದು ಪ್ರಾಮಾಣಿಕವಾಗಿ ಹೇಳಿಯೇ ಅದನ್ನು ಹೊಸ ಆವೃತ್ತಿಯ ಪಕ್ಕದಲ್ಲಿ ಇಡಬಹುದು. ಸೇವೆಯವರು ಇದನ್ನೂ 06 ಎಂದೇ ಕಳಿಸಿದರು. ಮೊದಲ ಆವೃತ್ತಿಯನ್ನು ವಿಮರ್ಶಿಸಿದ್ದ ಕುಮಟೆಯ ನಿವೃತ್ತ ಅಧ್ಯಾಪಕರೊಬ್ಬರು ಅದನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿ ನನಗೆ ಫೋನ್ ಮಾಡಿದರು. “ತಮ್ಮಾ, ನಾನು ಬರೆದದ್ದು ಹಳೆಯ ಪುಸ್ತಕದ ಬಗ್ಗೆ. ಹೊಸದನ್ನು ನೀನು ನನಗೆ ಕಳಿಸಿಯೇ ಇಲ್ಲವಲ್ಲ. ಓದದ ಪುಸ್ತಕವನ್ನು ನನ್ನ ಬಾಯಲ್ಲಿ ಹೊಗಳಿಸಬೇಡ” ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅವರು ಆ ವಿಮರ್ಶೆಯಲ್ಲಿ ಒಂದು ಕೊರತೆಯನ್ನೂ ಎತ್ತಿ ತೋರಿಸಿದ್ದರು, ಹೊಸ ಅಧ್ಯಾಯಗಳು ಬಂದದ್ದೇ ಆ ಕಾರಣಕ್ಕೆ. ಅಂಥವರ ಮಾತನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದು ನಾನು ಈ ಹದಿನೆಂಟು ತಿಂಗಳಲ್ಲಿ ಅತಿ ಹೆಚ್ಚು ನೊಂದುಕೊಂಡ ಸಂಗತಿ.

ಎರಡನೆಯ ದೊಡ್ಡ ಕೊರತೆ ಮಾತನ್ನು ಕತ್ತರಿಸುವ ವಿಧಾನದ್ದು. ಕೆಲವು ಅಂಗಡಿಗಳು ಉದ್ಧರಣೆಗೆ ಅಕ್ಷರಗಳ ಮಿತಿ ಹಾಕುತ್ತವೆ ಎಂದು ಸೇವೆಯವರು ಇನ್ನೂರು ಅಕ್ಷರಗಳಿಗೆ ತಂತ್ರಾಂಶದಿಂದಲೇ ಕತ್ತರಿ ಹಾಕಿಸುತ್ತಿದ್ದರು. ಈ ಇನ್ನೂರು ನಮ್ಮ ಕಾಗುಣಿತದ ಇನ್ನೂರಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ ಎಂದು ಆರು ಘಟಕಗಳಾಗುತ್ತದೆ. ಬೈಟುಗಳ ಲೆಕ್ಕದಲ್ಲಿ ಮಿತಿ ಹಾಕಿದರಂತೂ ಯುಟಿಎಫ್-8 ರೂಪದಲ್ಲಿ ಒಂದೊಂದು ಘಟಕಕ್ಕೆ ಮೂರರಂತೆ ಹದಿನೆಂಟು. ಹೀಗಾಗಿ ಇಂಗ್ಲಿಷಿನಲ್ಲಿ ಎರಡು ಮೂರು ವಾಕ್ಯ ಹಿಡಿಸುವ ಜಾಗದಲ್ಲಿ ಕನ್ನಡದ ಮಾತು ಎಷ್ಟೋ ಮೊದಲೇ ತುಂಡಾಗುತ್ತದೆ, ಕೆಲವೊಮ್ಮೆ ಒತ್ತಕ್ಷರದ ನಡುವೆಯೇ ತುಂಡಾಗಿ ಕೊನೆಯಲ್ಲಿ ಅರ್ಧಾಕ್ಷರವೊಂದು ಜೋತುಬೀಳುತ್ತದೆ.

ಅದು ಕಣ್ಣಿಗೆ ಕಾಣುವ ದೋಷ, ತಿದ್ದಬಹುದು. ಕಾಣದ ದೋಷ ಇದಕ್ಕಿಂತ ಗಂಭೀರವಾದದ್ದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಗಳೆಯುವ ಮಾತೂ ಅಲ್ಲಿಯೇ ಇರುತ್ತದೆ. ನಮ್ಮ ಕಥಾಸಂಕಲನವೊಂದರ ಬಗ್ಗೆ ವಿಮರ್ಶಕಿಯೊಬ್ಬರು ಬರೆದ ವಾಕ್ಯದ ಧಾಟಿ ಹೀಗಿತ್ತು: ಇದನ್ನು ಈ ಭಾಗದ ಹೆಣ್ಣುಮಕ್ಕಳ ಬದುಕನ್ನು ಸಮಗ್ರವಾಗಿ ಹಿಡಿದಿಟ್ಟ ಮಹತ್ವದ ಸಂಕಲನ ಎಂದು ಕರೆಯಲಾಗದಿದ್ದರೂ, ಅಡುಗೆಮನೆಯ ಮೌನವನ್ನು ಇಷ್ಟು ಹತ್ತಿರದಿಂದ ಕೇಳಿಸಿಕೊಂಡ ಕಥೆಗಳು ವಿರಳ. ಅದು ನ್ಯಾಯವಾದ, ಒಳ್ಳೆಯ ಮಾತು. ಕತ್ತರಿ ಬಿದ್ದದ್ದು ‘ಮಹತ್ವದ ಸಂಕಲನ’ ಎಂಬಲ್ಲಿ, ಆಮೇಲೆ ಮೂರು ಚುಕ್ಕಿ. ವಿಮರ್ಶಕಿ ಯಾವುದನ್ನು ಹೇಳಲಾಗದು ಎಂದಿದ್ದರೋ ಅದನ್ನೇ ಅವರ ಹೆಸರಿನಲ್ಲಿ ಘೋಷಿಸಿದಂತಾಯಿತು. ಬೇಕೆಂದೇ ಮಾಡಿದ ಮೋಸವಲ್ಲ ಅದು, ಆದರೆ ಓದುವವರಿಗೆ ಆ ಭೇದ ತಿಳಿಯುವುದು ಹೇಗೆ? ಕ್ರಿಯಾಪದ ಮೊದಲೇ ಬರುವ ಭಾಷೆಗಳಿಗೆಂದು ಮಾಡಿದ ಕತ್ತರಿಯನ್ನು ಕನ್ನಡಕ್ಕೆ ಹಾಗೆಯೇ ಹಾಕಬಾರದು ಎಂದು ನಾನು ಪತ್ರದಲ್ಲಿ ಉದಾಹರಣೆ ಸಹಿತ ಬರೆದೆ. ಅವರು ಒಪ್ಪಿಕೊಂಡರು. ಈಗ ಉದ್ಧರಣೆಯನ್ನು ನಾವೇ ಆರಿಸಿ, ಪೂರ್ಣ ವಾಕ್ಯದಲ್ಲಿ, ಮಿತಿಯೊಳಗೆ ಕೊಡಬೇಕು. ಮಿತಿ ಮೀರಿದರೆ ತಂತ್ರಾಂಶ ಕತ್ತರಿಸುವ ಬದಲು ಹಾಳೆಯನ್ನೇ ಹಿಂದಕ್ಕೆ ಕಳಿಸುತ್ತದೆ. ಕೆಲಸ ಹೆಚ್ಚಿತು, ಆದರೂ ಇದೇ ಸರಿಯಾದ ಕ್ರಮ. ಆ ವಿಮರ್ಶಕಿಯ ವಾಕ್ಯದ ಉತ್ತರಾರ್ಧವನ್ನು ಮಾತ್ರ ಬಳಸಬಹುದೇ ಎಂದು ಅವರನ್ನೇ ಕೇಳಿದೆವು. ಪೂರ್ತಿ ವಾಕ್ಯ ಹಾಕುವುದಾದರೆ ಮಾತ್ರ ಹಾಕಿ ಎಂದರು, ಹಾಕಿದೆವು. ಪುಸ್ತಕದ ಪುಟದಲ್ಲಿ ಈಗ ಆ ‘ಕರೆಯಲಾಗದಿದ್ದರೂ’ ಸಹ ಇದೆ, ಅದರಿಂದ ಆ ಹೊಗಳಿಕೆಗೆ ಹೆಚ್ಚು ತೂಕ ಬಂದಿದೆ ಎಂದೇ ನನಗನ್ನಿಸುತ್ತದೆ.

ಸೇವೆಯ ಬಗ್ಗೆ ಮನಸಾರೆ ಮೆಚ್ಚಿ ಹೇಳಬೇಕಾದದ್ದೂ ಬಹಳ ಇದೆ. ನಮ್ಮ ಹಳೆಯ ಪುಸ್ತಕಗಳ ಕಡತಗಳೆಲ್ಲ ಪೇಜ್‌ಮೇಕರಿನಲ್ಲಿ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಇವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು ಸ್ಥಾನಪಲ್ಲಟವಾಗುವುದು, ಒತ್ತಕ್ಷರ ಕಳಚಿಕೊಳ್ಳುವುದು, ದೀರ್ಘ ಮಾಯವಾಗುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಗೋಳು. ವಿಮರ್ಶಕರ ಹೆಸರಿನಲ್ಲೇ ಒಂದು ಒತ್ತು ತಪ್ಪಿದರೆ ಅಂಗಡಿಯ ಹುಡುಕು ಪೆಟ್ಟಿಗೆಯಲ್ಲಿ ಆ ಹೆಸರು ಸಿಗುವುದಿಲ್ಲ, ಗೌರವದ ಪ್ರಶ್ನೆ ಅದರ ಮೇಲೆ. ಸೇವೆಯವರ ಬಳಿ ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳು ಕರಡು ತಿದ್ದುತ್ತಾರೆ. ಇಪ್ಪತ್ತೊಂದು ಪುಸ್ತಕಗಳಲ್ಲಿ ಒಂದು ಹೆಸರೂ ತಪ್ಪಿಲ್ಲ. ನಮ್ಮ ಪುಸ್ತಕದಲ್ಲೇ ಅಚ್ಚಾಗಿದ್ದ ಎರಡು ತಪ್ಪುಗಳನ್ನು ಅವರು ಗುರುತಿಸಿ ತಿಳಿಸಿದರು. ಪ್ರತಿ ಉದ್ಧರಣೆಗೂ ಅವರು ಪತ್ರಿಕೆಯ ಹೆಸರು, ದಿನಾಂಕ ಕೇಳಿದರು. ದಿನಾಂಕ ಗೊತ್ತಿಲ್ಲದ ನಾಲ್ಕು ಮಾತುಗಳನ್ನು ಸೇರಿಸಲು ಒಪ್ಪಲಿಲ್ಲ. ಆಗ ಕಿರಿಕಿರಿಯಾಯಿತು. ಹಳೆಯ ಪೇಪರು ಕಟ್ಟುಗಳನ್ನು ಅಟ್ಟದಿಂದ ಇಳಿಸಿ ಹುಡುಕಿದಾಗ ನಾಲ್ಕರಲ್ಲಿ ಒಂದು ಮಾತು ನಾವು ಹೇಳುತ್ತಿದ್ದ ಪತ್ರಿಕೆಯಲ್ಲಿ ಬಂದೇ ಇರಲಿಲ್ಲ ಎಂದು ತಿಳಿಯಿತು. ಹತ್ತು ವರ್ಷದಿಂದ ನಮ್ಮ ಪಟ್ಟಿಯಲ್ಲಿ ಅದನ್ನು ತಪ್ಪಾಗಿ ಅಚ್ಚುಹಾಕುತ್ತ ಬಂದಿದ್ದೆವು.

ಸಂಬಂಧಗಳ ಪ್ರಶ್ನೆಯನ್ನು ಮಾತ್ರ ಈ ಸೇವೆ ಮುಟ್ಟುವುದಿಲ್ಲ. ಮುಟ್ಟಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಕಡೆ ಬರೆಯುವವರು, ಮುನ್ನುಡಿ ಕೊಡುವವರು, ವಿಮರ್ಶಿಸುವವರು ಒಬ್ಬರಿಗೊಬ್ಬರು ನೆಂಟರೋ ಸಹೋದ್ಯೋಗಿಗಳೋ ತಾಳಮದ್ದಲೆಯ ಒಡನಾಡಿಗಳೋ ಆಗಿರುವುದು ಸಹಜ. ಅದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ, ಮುಚ್ಚಿಡುವುದು ಮಾತ್ರ ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಗಳು, ಜಾಹೀರಾತಿನಲ್ಲಿ ವಸ್ತುವನ್ನು ಅನುಮೋದಿಸುವವರಿಗೂ ಮಾರುವವರಿಗೂ ನಡುವೆ ಜನ ನಿರೀಕ್ಷಿಸದ, ಮಾತಿನ ಬೆಲೆಯ ಮೇಲೆ ಪರಿಣಾಮ ಬೀರುವಂಥ ಸಂಬಂಧವಿದ್ದರೆ ಅದನ್ನು ಪ್ರಕಟಪಡಿಸಬೇಕು ಎನ್ನುತ್ತವೆ. ನಾವೀಗ ಬೆನ್ನುಡಿ ಬರೆದವರ ಹೆಸರಿನ ಮುಂದೆ ‘ಲೇಖಕರ ಸಹೋದ್ಯೋಗಿ’, ‘ಲೇಖಕಿಯ ಗುರುಗಳು’ ಎಂದು ಬಾಯಿಬಿಟ್ಟು ಹೇಳುತ್ತೇವೆ. ಯಕ್ಷಗಾನದ ಪ್ರಸಂಗಗಳನ್ನು ಕುರಿತ ಪುಸ್ತಕಕ್ಕೆ ಹಿರಿಯ ಭಾಗವತರೊಬ್ಬರು ಬೆನ್ನುಡಿ ಕೊಟ್ಟಿದ್ದರು. ‘ಲೇಖಕರಿಗೆ ಹಾಡುಗಾರಿಕೆ ಕಲಿಸಿದವರು’ ಎಂದು ಸೇರಿಸಿದಾಗ ಆ ಮಾತಿಗೆ ಇನ್ನಷ್ಟು ಬೆಲೆ ಬಂತು. ಈ ವಿವರಕ್ಕೆ ಹಾಳೆಯಲ್ಲಿ ಒಂದು ಕಲಮು ಇಟ್ಟಿದ್ದರೆ ಸಣ್ಣ ಪ್ರಕಾಶಕರೆಲ್ಲರಿಗೂ ನೆನಪಾಗುತ್ತಿತ್ತು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ನಾವು ಈ ಸೇವೆಯನ್ನು ಹುಡುಕುವಾಗ ಬೇರೊಬ್ಬರು ನಮ್ಮನ್ನು ಸಂಪರ್ಕಿಸಿ, ಹಣ ಕೊಟ್ಟರೆ ಅಂಗಡಿಗಳ ಪುಟದಲ್ಲಿ ಓದುಗರ ಹೆಸರಿನಲ್ಲಿ ಐದು ನಕ್ಷತ್ರಗಳ ವಿಮರ್ಶೆಗಳನ್ನು ಬರೆಸಿಕೊಡುವುದಾಗಿ ಹೇಳಿದ್ದರು. ಕೂಡಲೇ ಬೇಡವೆಂದೆವು. ಓದುಗರು ಅಂಗಡಿಯಲ್ಲಿ ಬರೆಯುವ ಅಭಿಪ್ರಾಯ ಆ ಅಂಗಡಿಯ ಮತ್ತು ಓದುಗರ ನಡುವಿನದು. ಪ್ರಕಾಶಕರ ಮೆಟಾಡೇಟಾಕ್ಕೂ ಅದಕ್ಕೂ ಸಂಬಂಧವಿರಬಾರದು. ಆನ್‌ಲೈನ್ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವ ಬಗೆಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೇ ಹೊರತಂದಿದೆ. ನಮಗೆ ಅಂಚೆಯಲ್ಲಿ ಬರುವ ಓದುಗರ ಕಾರ್ಡುಗಳಿವೆ. ಜೋಯಿಡಾದಿಂದ ಒಬ್ಬರು ಪ್ರತಿ ಹೊಸ ಪುಸ್ತಕಕ್ಕೂ ಬರೆಯುತ್ತಾರೆ, ಅದಕ್ಕಿಂತ ಪ್ರಾಮಾಣಿಕ ವಿಮರ್ಶೆಯನ್ನು ನಾನು ಕಂಡಿಲ್ಲ. ಆದರೂ ಅದನ್ನು 06ರಲ್ಲಿ ಹಾಕಲು ಮನಸ್ಸು ಬರಲಿಲ್ಲ. ಅವರು ಅದನ್ನು ಬರೆದದ್ದು ನಮಗೆ, ಮಾರಾಟಕ್ಕಲ್ಲ.

ಕರಾವಳಿಯ ಪ್ರಕಾಶಕರು ಗಮನಿಸಬೇಕಾದ ಒಂದು ಸಂಗತಿ ಭಾಷೆಯದು. ಕಾರವಾರದ ಲೇಖಕರೊಬ್ಬರ ಕೊಂಕಣಿ ಕವಿತೆಗಳನ್ನು ನಾವು ಕನ್ನಡ ಲಿಪಿಯಲ್ಲಿ ತಂದಿದ್ದೆವು. ಲಿಪಿ ಕನ್ನಡವೆಂದು ಸೇವೆಯವರು ಭಾಷೆಯನ್ನೂ ಕನ್ನಡವೆಂದೇ ನಮೂದಿಸಿದರು. ಓನಿಕ್ಸ್‌ನಲ್ಲಿ ಭಾಷೆಗೆ ಬೇರೆ, ಲಿಪಿಗೆ ಬೇರೆ ಸಂಕೇತವಿದೆ. ಪುಸ್ತಕಕ್ಕಷ್ಟೇ ಅಲ್ಲ, ಒಳಗಿನ ಒಂದೊಂದು ಉದ್ಧರಣೆಗೂ ಅದರದರ ಭಾಷೆ ಮತ್ತು ಲಿಪಿಯನ್ನು ಹೇಳಬಹುದು. ಆ ಪುಸ್ತಕದ ಮೆಚ್ಚುನುಡಿಗಳಲ್ಲಿ ಒಂದು ಕನ್ನಡದಲ್ಲಿ, ಒಂದು ದೇವನಾಗರಿಯ ಕೊಂಕಣಿಯಲ್ಲಿ, ಒಂದು ಮರಾಠಿಯಲ್ಲಿ ಇತ್ತು. ತಿದ್ದಿಸಿದ ಮೇಲೆ ಪುಸ್ತಕ ಕೊಂಕಣಿಯ ಸಾಲಿಗೆ ಸೇರಿತು. ಗೋವೆಯ ಓದುಗರಿಗೆ ದೇವನಾಗರಿಯ ಮಾತನ್ನು ಮೊದಲು, ನಮ್ಮ ಕಡೆಯವರಿಗೆ ಕನ್ನಡದ ಮಾತನ್ನು ಮೊದಲು ತೋರಿಸುವಷ್ಟು ಜಾಣತನ ಅಂಗಡಿಗಳಿಗೆ ಇನ್ನೂ ಬಂದಿಲ್ಲ.

ಪ್ರಶಸ್ತಿಗಳ ಭಾಗ ಚೆನ್ನಾಗಿದೆ. ಪ್ರಶಸ್ತಿಯ ಹೆಸರು, ವರ್ಷ, ಬಂದದ್ದು ಪ್ರಶಸ್ತಿಯೋ ಅಥವಾ ಅಂತಿಮ ಪಟ್ಟಿಯಲ್ಲಿ ಸ್ಥಾನವೋ ಎಂಬುದನ್ನು ಬೇರೆ ಬೇರೆ ಕೇಳುತ್ತಾರೆ, ಪ್ರಮಾಣಪತ್ರದ ಚಿತ್ರ ಕಳಿಸಬೇಕು. ಅನುವಾದದ ವಿಷಯದಲ್ಲಿ ಅವರು ತೋರಿದ ಎಚ್ಚರ ನನಗೆ ಇಷ್ಟವಾಯಿತು. ಗೋಕರ್ಣದವರಾದ ಜಯಂತ ಕಾಯ್ಕಿಣಿಯವರ ಕಥೆಗಳಿಗೆ ತೇಜಸ್ವಿನಿ ನಿರಂಜನ ಅವರು ಮಾಡಿದ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಡಿಎಸ್‌ಸಿ ಪ್ರಶಸ್ತಿ ಬಂತಷ್ಟೆ. ಅದು ಆ ಅನುವಾದ ಕೃತಿಗೆ ಸಂದದ್ದು, ಮೂಲ ಕಥೆಗಳಿರುವ ಕನ್ನಡ ಸಂಕಲನಗಳ ದಾಖಲೆಯಲ್ಲಿ ಅದನ್ನು ಆ ಸಂಕಲನದ ಪ್ರಶಸ್ತಿ ಎಂದು ಕಾಣಿಸುವುದು ಸರಿಯಾಗದು, ಲೇಖಕರ ಪರಿಚಯದಲ್ಲಿ ಹೇಳುವುದು ಸರಿ. ನಮ್ಮ ಲೇಖಕರೊಬ್ಬರ ಹಿಂದಿ ಅನುವಾದಕ್ಕೆ ಬಂದ ಪುರಸ್ಕಾರವನ್ನು ನಾವು ಕನ್ನಡ ಪುಸ್ತಕಕ್ಕೆ ತುಂಬಿ ಕಳಿಸಿದ್ದಾಗ ಅವರು ಇದೇ ತರ್ಕದಿಂದ ಹಿಂದಿರುಗಿಸಿದರು.

ಒಂದು ಮಾತು ಯಾರ ಕಣ್ಣಿಗೆ ಎಂಬುದನ್ನೂ ಓನಿಕ್ಸ್ ಕೇಳುತ್ತದೆ: ವ್ಯಾಪಾರಿಗಳಿಗೋ, ಓದುಗರಿಗೋ, ಗ್ರಂಥಪಾಲಕರಿಗೋ. ಮೊದಲ ಕಂತಿನಲ್ಲಿ ಈ ಭೇದವಿಲ್ಲದೆ ಹೋದದ್ದರಿಂದ, ‘ಕಾಲೇಜುಗಳಲ್ಲಿ ಬೇಡಿಕೆಯಿದೆ, ಹೆಚ್ಚು ಪ್ರತಿ ತರಿಸಿಕೊಳ್ಳಿ’ ಎಂದು ಅಂಗಡಿಯವರಿಗೆ ಬರೆದ ಸೂಚನೆ ಓದುಗರ ಮುಂದೆ ಪ್ರಶಂಸೆಯಂತೆ ನಿಂತುಬಿಟ್ಟಿತ್ತು. ಎರಡನೆಯ ಕಂತಿಗೆ ಅದು ಸರಿಯಾಯಿತು.

ಇಷ್ಟೆಲ್ಲ ಮಾಡಿ ಕಳಿಸಿದ್ದು ಅಂಗಡಿಗಳಲ್ಲಿ ಹೇಗೆ ಕಾಣುತ್ತದೆ ಎಂಬುದು ಕೊನೆಗೂ ಅಂಗಡಿಯವರ ಕೈಯಲ್ಲಿದೆ. ನಾವು ಮೂರು ಕಡೆ ನೋಡಿದೆವು. ಒಂದರಲ್ಲಿ ಮೆಚ್ಚುನುಡಿ ಬೇರೆ, ವಿಮರ್ಶೆ ಬೇರೆ, ಹೆಸರು ದಿನಾಂಕಗಳ ಸಮೇತ ಅಚ್ಚುಕಟ್ಟಾಗಿ ಬಂದಿವೆ. ಇನ್ನೊಂದರಲ್ಲಿ ಎಲ್ಲವೂ ವಿವರಣೆಯ ಕೆಳಗೆ ಒಂದೇ ರಾಶಿಯಾಗಿ ಬಿದ್ದಿವೆ. ಮೂರನೆಯದರಲ್ಲಿ ಯಾವುದೂ ಇಲ್ಲ. ಇದನ್ನು ಕಂಡು ಸೇವೆಯವರು, ಒಳ್ಳೆಯ ಮಾತೊಂದನ್ನು ವಿವರಣೆಯೊಳಗೇ ಸೇರಿಸಿಬಿಡಿ, ವಿವರಣೆಯನ್ನು ಎಲ್ಲರೂ ತೋರಿಸುತ್ತಾರೆ ಎಂದು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ವಿವರಣೆಯೊಳಗೆ ಬೆರೆಸಿದ ಮಾತನ್ನು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ, ಸರಿಯಾಗಿ ತೋರಿಸುವ ಅಂಗಡಿಯಲ್ಲಿ ಅದೇ ಮಾತು ಎರಡೆರಡು ಸಲ ಬರುತ್ತದೆ, ಹೇಳಿದವರ ಹೆಸರೂ ದಿನಾಂಕವೂ ಪ್ರತ್ಯೇಕವಾಗಿ ಉಳಿಯುವುದಿಲ್ಲ. ತೋರಿಸದ ಅಂಗಡಿಗೆ ಪತ್ರ ಬರೆಯುವುದು ನಿಧಾನದ ದಾರಿಯಾದರೂ ಅದನ್ನೇ ಹಿಡಿದಿದ್ದೇವೆ.

ಬೆಲೆ ನಮಗೆ ಹೊರೆಯೆನಿಸಲಿಲ್ಲ. ಒಂದು ಪುಸ್ತಕಕ್ಕೆ ತಗಲುವುದು ಅದರ ಮೂರ್ನಾಲ್ಕು ಪ್ರತಿಗಳ ಮುಖಬೆಲೆಯಷ್ಟು. ಒಂದು ವರ್ಷದೊಳಗೆ ಎರಡು ತಿದ್ದುಪಡಿಗಳು ಉಚಿತ, ಆಮೇಲಿನದಕ್ಕೆ ಶುಲ್ಕ. ಈ ನಿಯಮವನ್ನು ಮಾತ್ರ ಅವರು ಬದಲಿಸಬೇಕು. ಬೆನ್ನುಡಿ ಪುಸ್ತಕದ ಜೊತೆಗೇ ಬರುತ್ತದೆ, ಆದರೆ ಕನ್ನಡದಲ್ಲಿ ಪುಸ್ತಕ ಬಿಡುಗಡೆಯಾದ ಆರು ತಿಂಗಳಿಗೆ, ವರ್ಷಕ್ಕೆ, ಕೆಲವೊಮ್ಮೆ ಎರಡು ವರ್ಷಕ್ಕೆ ಒಳ್ಳೆಯ ವಿಮರ್ಶೆ ಬರುತ್ತದೆ. ನಿಧಾನವಾಗಿ ಓದಿ ಬರೆದ ಆ ಮಾತಿಗೆ ದಾಖಲೆಯಲ್ಲಿ ಜಾಗ ಸಿಗಬೇಕಾದ ಹೊತ್ತಿಗೆ ಉಚಿತ ಅವಧಿ ಮುಗಿದಿರುತ್ತದೆ. ಪುಸ್ತಕದ ಬೆನ್ನಿನ ಮೇಲೆ ಅಚ್ಚಾದದ್ದನ್ನು ಬದಲಿಸಲಾಗದು, ಮೆಟಾಡೇಟಾವನ್ನು ಬದಲಿಸಬಹುದು ಎಂಬುದೇ ಅದರ ದೊಡ್ಡ ಅನುಕೂಲ. ಅದಕ್ಕೇ ಗಡುವು ಹಾಕುವುದು ತರವಲ್ಲ. ತಿದ್ದುಪಡಿಯ ಲೆಕ್ಕ ಇರಲಿ, ಅವಧಿ ಬೇಡ ಎಂದು ಕೇಳಿದ್ದೇನೆ. ಉತ್ತರ ಬಂದಿಲ್ಲ.

ಮಾರಾಟ ಎಷ್ಟು ಹೆಚ್ಚಿತು ಎಂದು ಕೇಳುವವರಿಗೆ ಲೆಕ್ಕ ಕೊಡಲಾರೆ. ಐನೂರು ಪ್ರತಿ ಅಚ್ಚಾಗುವ ಪುಸ್ತಕಗಳಲ್ಲಿ ಹತ್ತಿಪ್ಪತ್ತು ಪ್ರತಿಗಳ ಏರಿಳಿತಕ್ಕೆ ಇದೇ ಕಾರಣವೆಂದು ಹೇಳುವುದು ಸರಿಯಲ್ಲ. ಆದರೆ ಫೋನಿನಲ್ಲಿ ಪುಸ್ತಕ ಕೇಳುವವರು ಈಗ ‘ಇಂಥವರು ಹೀಗೆ ಬರೆದಿದ್ದಾರಲ್ಲ, ಆ ಪುಸ್ತಕ’ ಎಂದು ಕೇಳುವುದನ್ನು ಮೇಲಿಂದ ಮೇಲೆ ಕೇಳಿದ್ದೇನೆ. ಕಲಮುಗಳನ್ನು ಬೇರ್ಪಡಿಸಿದ ಹೊಸ ಹಾಳೆ ಬಂದ ಮೇಲೆ ಈ ಸೇವೆಯನ್ನು ಇತರರಿಗೆ ಹೇಳಲು ನನಗೆ ಹಿಂಜರಿಕೆಯಿಲ್ಲ. ಹಿಂದಿನ ಕೃತಿಯ ವಿಮರ್ಶೆಗೆ, ಅಂದರೆ 08ಕ್ಕೆ, ಅವರಲ್ಲಿ ಇನ್ನೂ ಕಲಮಿಲ್ಲ. ಅದನ್ನು ಪ್ರತ್ಯೇಕ ಪತ್ರದಲ್ಲಿ ಬರೆದು ತಿಳಿಸಬೇಕು.

ಅಘನಾಶಿನಿಯ ಪುಸ್ತಕದ ಪುಟದಲ್ಲಿ ಕುಮಟೆಯ ಅಧ್ಯಾಪಕರ ಮಾತು ಈಗ ‘ಹಿಂದಿನ ಆವೃತ್ತಿಯ ಬಗ್ಗೆ’ ಎಂಬ ತಲೆಬರಹದ ಕೆಳಗೆ, ಪತ್ರಿಕೆಯ ಹೆಸರು ದಿನಾಂಕಗಳೊಂದಿಗೆ ಇದೆ. ಹೊಸ ಆವೃತ್ತಿಯ ಪ್ರತಿಯನ್ನು ಕಳೆದ ವಾರ ನಾನೇ ಬಸ್ಸಿನಲ್ಲಿ ಘಟ್ಟ ಇಳಿದು ಹೋಗಿ ಅವರ ಕೈಗೆ ಕೊಟ್ಟು ಬಂದೆ. ಎರಡು ಹೊಸ ಅಧ್ಯಾಯಗಳನ್ನು ಓದಿ ನೋಡುತ್ತೇನೆ, ಬರೆಯುವಂಥದ್ದಿದ್ದರೆ ಬರೆಯುತ್ತೇನೆ ಎಂದರು. ಆ ಪುಸ್ತಕದ ಲೆಕ್ಕದಲ್ಲಿ ಉಚಿತ ತಿದ್ದುಪಡಿಯೊಂದು ಇನ್ನೂ ಉಳಿದಿದೆ.